ಎಲೆ ಉದುರಿಸುವ ಫೈಕಸ್ ಬೋನ್ಸಾಯ್‌ಗೆ ಮೊದಲು ಬೆಳಕು

ಹೊಸದಾಗಿ ತಂದ ಫೈಕಸ್ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ, ಆಲದ ಜಾತಿಯ ಗಿಡ) ಎರಡು ವಾರದಿಂದ ಎಲೆ ಉದುರಿಸುತ್ತಿದೆ, ಟಿವಿ ಪಕ್ಕ ಇಟ್ಟು ದಿನಾ ಅರ್ಧ ಲೋಟ ನೀರು ಹಾಕುತ್ತಿದ್ದೇನೆ, ಸತ್ತುಹೋಯಿತಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಜಾಗ ಬದಲಾದರೆ ಫೈಕಸ್ ಎಲೆ ಉದುರಿಸುವುದು ಮಾಮೂಲು. ಒಂದು ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರಿದ್ದು, ಹಾಲಿನಂಥ ರಸ ಜಿನುಗಿದರೆ ಆ ಕೊಂಬೆಗೆ ಜೀವ ಇದೆ.

ನನಗೆ ಅನುಮಾನ ಇರುವುದು ಟಿವಿ ಪಕ್ಕದ ಜಾಗದ ಮೇಲೇ. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕೋಣೆಯ ಮೂಲೆ ಗಿಡಕ್ಕೆ ಹೆಚ್ಚುಕಡಿಮೆ ಕತ್ತಲೆ. ಒಳ್ಳೆಯ ಬೆಳಕು ಬರುವ ಕಿಟಕಿಯ ಹತ್ತಿರಕ್ಕೇ ಸರಿಸಿ, ಆಮೇಲೆ ಪದೇ ಪದೇ ಜಾಗ ಬದಲಿಸಬೇಡಿ. ಏಸಿ ಗಾಳಿ ನೇರ ಬಡಿಯದಿರಲಿ.

ದಿನಾ ಅಳತೆ ನೀರು ಹಾಕುವುದನ್ನು ಬಿಟ್ಟುಬಿಡಿ. ಬೆರಳನ್ನು ಮಣ್ಣಿಗೆ ಒಂದು ಸೆಂಟಿಮೀಟರ್ ಇಳಿಸಿ. ಮೇಲ್ಪದರ ಒಣಗುತ್ತಾ ಬಂದಿದ್ದರೆ ಮಾತ್ರ, ಕುಂಡದ ತಳದ ತೂತುಗಳಿಂದ ಹರಿದುಬರುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಬೇರು ಸದಾ ಒದ್ದೆಯಲ್ಲಿದ್ದರೆ ಉಸಿರಾಟಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಎಲೆಗಳ ಮೇಲೆ ನೀರು ಸಿಂಪಡಿಸುವುದು ಮಣ್ಣಿಗೆ ನೀರು ಕೊಡುವುದಕ್ಕೆ ಬದಲಿ ಅಲ್ಲ.

ಸದ್ಯಕ್ಕೆ ಗೊಬ್ಬರ, ಕುಂಡ ಬದಲಾವಣೆ, ಕತ್ತರಿ ಯಾವುದೂ ಬೇಡ. ದಯವಿಟ್ಟು. ಸೊರಗಿದ ಗಿಡಕ್ಕೆ ಇವೆಲ್ಲ ಹೊರೆಯೇ. ಎಲೆಯ ಅಡಿಭಾಗ ಮತ್ತು ಕೊಂಬೆಯ ಸಂದುಗಳಲ್ಲಿ ಕಂದು ಚುಕ್ಕೆಯಂಥ ಶಲ್ಕ ಕೀಟ (ಗಿಡದ ರಸ ಹೀರುವ ಸಣ್ಣ ಹುಳು) ಅಂಟಿದೆಯಾ, ಅದನ್ನೂ ನೋಡಿ. ಕೆಲವು ವಾರಗಳಲ್ಲಿ ಕೊಂಬೆ ತುದಿಯಲ್ಲಿ ಮೊನಚಾದ ಹೊಸ ಮೊಗ್ಗು ಕಂಡರೆ ಗಿಡ ಚೇತರಿಸಿಕೊಳ್ಳುತ್ತಿದೆ ಎಂದೇ ಅರ್ಥ.