ಅಕ್ಕನನ್ನು ಕೇಳಿ: ವಯಲ್ ಮೇಲಿನ ಹೆಸರು ಸಾಕಾಗುತ್ತದಾ?

ಪ್ರಶ್ನೆ: ಅಕ್ಕಾ, ನಾನು ಬದಿಯಡ್ಕದವಳು. ಮಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಊರಲ್ಲಿ ರಕ್ತ ತೆಗೆಸಿ ಲ್ಯಾಬಿಗೆ ಒಯ್ಯುತ್ತೇನೆ. ಅದರಲ್ಲಿನ ಟಿ ಕೋಶಗಳಿಗೆ (ರೋಗನಿರೋಧಕ ಕೋಶಗಳು) 15 ನಿಮಿಷ ಐಎಲ್‌-6 ಎಂಬ ಸಂಕೇತ ಪ್ರೋಟೀನು ಕೊಟ್ಟು, ಕೋಶದೊಳಗಿನ ಸ್ಟ್ಯಾಟ್‌3 ಎಂಬ ಪ್ರೋಟೀನು ಚುರುಕಾಗುತ್ತದಾ ಅಂತ ಫ್ಲೋ ಸೈಟೋಮೀಟರಿನಲ್ಲಿ, ಅಂದರೆ ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಯಂತ್ರದಲ್ಲಿ, ನೋಡುತ್ತೇನೆ. ಕೊಟ್ಟರೂ ಕೊಡದಿದ್ದರೂ ಒಂದೇ ಸಿಗ್ನಲ್. ಸ್ಟ್ಯಾಟ್‌3 ಹಿಡಿಯಲು ಹಾಕುವ ಆಂಟಿಬಾಡಿಯ ವಯಲ್ (ಪುಟ್ಟ ಸೀಸೆ) ಮೇಲೆ ‘ಸ್ಟ್ಯಾಟ್‌3 ಆಂಟಿಬಾಡಿ’ ಅಂತ ಮಾತ್ರ ಇದೆ. ಬೇರೆ ತರಿಸಬೇಕಾ? ಗೈಡ್ ಹತ್ತಿರ ಕೇಳಲು ಹೆದರಿಕೆ.

ಉತ್ತರ: ತರಿಸಲೇಬೇಕು ತಂಗೀ. ನಿನ್ನ ಹತ್ತಿರ ಇರುವುದು ಸ್ಟ್ಯಾಟ್‌3 ಸುಮ್ನೆ ಕೂತಿದ್ದರೂ ಹಿಡಿಯುತ್ತದೆ, ಕೆಲಸಕ್ಕೆ ಎದ್ದಿದ್ದರೂ ಹಿಡಿಯುತ್ತದೆ. 15 ನಿಮಿಷದಲ್ಲಿ ಅದರ ಒಟ್ಟು ಪ್ರಮಾಣ ಹೇಳುವಷ್ಟು ಬದಲಾಗುವುದಿಲ್ಲ. ನೀನು ನೋಡಬೇಕಾದದ್ದು ಆ ಪ್ರೋಟೀನಿನ ಸರಪಳಿಯಲ್ಲಿ 705ನೇ ಜಾಗದ ಟೈರೋಸಿನ್ ಎಂಬ ಅಮೈನೋ ಆಮ್ಲ. ಐಎಲ್‌-6 ಬಂದಾಗ ಜ್ಯಾಕ್ ಕಿಣ್ವಗಳು ಫಾಸ್ಫೇಟ್ ಸೇರಿಸುವುದು ಅಲ್ಲಿಗೆ. ಆ ಗುರುತನ್ನು ಮಾತ್ರ ಹಿಡಿಯುವ ಫಾಸ್ಫೋ ಆಂಟಿಬಾಡಿ ಬೇಕು. 727ನೇ ಸೆರಿನ್‌ನದ್ದೂ ಸಿಗುತ್ತದೆ, ನಿನಗೆ ಬೇಕಾದದ್ದು ಅದಲ್ಲ. ಆರ್ಡರ್ ಹಾಕುವಾಗ ಅಂಕಿ ಎರಡು ಸಲ ಓದು.

ಅಂಕಿ ಸರಿ ಇದ್ದರೂ ಸಾಲದು. ನಾನು ಎಡವಿದ್ದು ಇಲ್ಲೇ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಕೋಶದಿಂದ ತೆಗೆದು ಬೇರ್ಪಡಿಸಿ ನೋಡುವ ಪರೀಕ್ಷೆ) ಚಂದದ ಬ್ಯಾಂಡ್ ಕೊಟ್ಟ ಆಂಟಿಬಾಡಿಯನ್ನೇ ಕೋಶಗಳಿಗೆ ಹಾಕಿದೆ. ಆಂಟಿಬಾಡಿ ಒಳಗೆ ಹೋಗಲಿ ಅಂತ ಕೋಶದ ಪೊರೆಗೆ ತೂತು ಮಾಡಲು ಬರೀ ಸಪೋನಿನ್ (ಸಾಬೂನಿನಂಥ ವಸ್ತು) ಬಳಸಿದ್ದೆ. ಎರಡು ವಾರ ಏನೂ ಕಾಣಲಿಲ್ಲ, ಅಳು ಬಂದಿತ್ತು. ಫಾಸ್ಫೇಟ್ ಸಿಕ್ಕ ಕೂಡಲೇ ಎರಡು ಸ್ಟ್ಯಾಟ್‌3 ಜೋಡಿಯಾಗುತ್ತವೆ. ಒಂದರ 705ನೇ ಜಾಗ ಇನ್ನೊಂದರ ಸಂದಿನಲ್ಲಿ ಅಡಗಿಬಿಡುತ್ತದೆ. ಬ್ಲಾಟ್‌ನಲ್ಲಿ ಪ್ರೋಟೀನು ಬಿಚ್ಚಿಕೊಂಡಿರುತ್ತದೆ, ಆದ್ದರಿಂದ ಆಂಟಿಬಾಡಿಗೆ ಸಿಗುತ್ತದೆ. ಕೋಶದೊಳಗೆ ಅದನ್ನು ಬಿಚ್ಚಲು ಫ್ರೀಜರಿನಿಂದ ತೆಗೆದ ತಣ್ಣನೆ ಮೆಥನಾಲ್ ಬೇಕು. ಹಾಗಾಗಿ ಡೇಟಾ ಶೀಟಿನಲ್ಲಿ ‘ಫ್ಲೋ’ ಎಂಬ ಪದ ನೋಡಿ ಸಮಾಧಾನ ಪಡಬೇಡ. ಮೆಥನಾಲ್ ಹಾಕಿ ನೋಡಿದ ಗ್ರಾಫ್ ಇದೆಯಾ ಹುಡುಕು.

ಮೆಥನಾಲ್ ಅಂದ ಮೇಲೆ ಬಣ್ಣದ ಮಾತೂ ಬರುತ್ತದೆ. ಆಂಟಿಬಾಡಿಗೆ ಅಂಟಿಸುವ ಹೊಳೆಯುವ ಬಣ್ಣಗಳಲ್ಲಿ ಪಿಇ ಅನ್ನುವುದು ಕೆಂಪು ಪಾಚಿಯ ಪ್ರೋಟೀನು, ಮೆಥನಾಲ್‌ನಲ್ಲಿ ಕೆಡುತ್ತದೆ. ಟಿ ಕೋಶ ಗುರುತಿಸುವ ಸಿಡಿ4 ಆಂಟಿಬಾಡಿಗೆ ಪಿಇ ಇದ್ದರೆ ಮೆಥನಾಲ್ ಆದ ಮೇಲೆ ಹಾಕು, ಆಗಲೂ ಅಂಟುವ ಕ್ಲೋನ್ (ಆಂಟಿಬಾಡಿಯ ತಳಿ) ಆರಿಸು.

ಊರಲ್ಲಿ ರಕ್ತ ತೆಗೆಸುತ್ತೇನೆ ಎಂದೆಯಲ್ಲ, ನನಗೆ ಅದೇ ಜಾಸ್ತಿ ಚಿಂತೆ. ಒಮ್ಮೆ ನನ್ನ ಟ್ಯೂಬುಗಳು ತಲಪಾಡಿ ಗಡಿಯ ಟ್ರಾಫಿಕ್ ಬ್ಲಾಕಿನಲ್ಲಿ ಬಸ್ಸಿನೊಳಗೇ ಕೂತಿದ್ದವು. ಆ ದಿನ ಏನೂ ಕೊಡದ ಕೋಶಗಳಲ್ಲೇ ಸಿಗ್ನಲ್ ಏರಿತ್ತು. ಸಾಧ್ಯವಾದರೆ ಲ್ಯಾಬಿನ ಹತ್ತಿರವೇ ರಕ್ತ ತೆಗೆಸು. ಐಎಲ್‌-6 ಕೊಟ್ಟು 15 ನಿಮಿಷ ಆದ ಕೂಡಲೇ, ಕೋಶಗಳು ಇದ್ದ ಹಾಗೇ ನಿಲ್ಲಲು, ಫಾರ್ಮಾಲ್ಡಿಹೈಡ್ ಹಾಕು. ಒಟ್ಟು ದ್ರವದಲ್ಲಿ 1.6% ಆಗಬೇಕು, 10 ನಿಮಿಷ ಇಡು. ಮೊದಲು ತೊಳೆಯುತ್ತೇನೆ ಅಂತ ಹೊರಡಬೇಡ, ಅಷ್ಟರಲ್ಲಿ ಫಾಸ್ಫೇಟ್ ಕಳಚಲು ಶುರುವಾಗುತ್ತದೆ.

ಹೊಸ ಆಂಟಿಬಾಡಿ ಬಂದಾಗ ಮೂರು ಟ್ಯೂಬ್ ಇಡು. ಒಂದಕ್ಕೆ ಏನೂ ಬೇಡ, ಒಂದಕ್ಕೆ ಐಎಲ್‌-6, ಇನ್ನೊಂದಕ್ಕೆ ಮೊದಲು ರುಕ್ಸೋಲಿಟಿನಿಬ್, ಆಮೇಲೆ ಐಎಲ್‌-6. ಅದು ಜ್ಯಾಕನ್ನು ತಡೆಯುವ ಔಷಧಿ. ಎರಡನೇ ಟ್ಯೂಬಿನಲ್ಲಿ ಸಿಗ್ನಲ್ ಏರಿ, ಮೂರನೇ ಟ್ಯೂಬಿನಲ್ಲಿ ಕೆಳಗಿಳಿದರೆ ಮಾತ್ರ ಆ ಆಂಟಿಬಾಡಿಯನ್ನು ನಂಬು.

ಹಳೆ ವಯಲ್ ಬಿಸಾಡಬೇಡ. ಒಟ್ಟು ಸ್ಟ್ಯಾಟ್‌3 ಎಷ್ಟಿದೆ ಅಂತ ತೋರಿಸಲು ಅದು ಬೇಕು. ಗೈಡ್ ಹತ್ತಿರ ದುಡ್ಡು ಕೇಳುವಾಗ ಅದನ್ನೂ ಹೇಳು.