ಉಜ್ಜದೆ ಹೋಗದ ಲೋಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮಲ್ಲಿ ನಾಲ್ಕು ಎಚ್‌ಎಫ್ ಹಸುಗಳಿವೆ. ಹಾಲು ಕರೆಯುವ ಮೆಷಿನ್ ತಂದು ಆರೇಳು ತಿಂಗಳಾಯಿತು. ಈಗ ಡೈರಿಯಲ್ಲಿ ಎಂಬಿಆರ್‌ಟಿ ಪರೀಕ್ಷೆಗೆ ಹಾಕಿದರೆ ನೀಲಿ ಬಣ್ಣ ಬೇಗ ಹೋಗುತ್ತದೆ ಅನ್ನುತ್ತಾರೆ. ಎರಡು ಹೊತ್ತೂ ಕುದಿಯುವ ನೀರಿನಲ್ಲೇ ತೊಳೆಯುತ್ತೇವೆ. ತಪ್ಪೆಲ್ಲಿ? (ಚನ್ನರಾಯಪಟ್ಟಣ)

ಉತ್ತರ: ಎಂಬಿಆರ್‌ಟಿಯಲ್ಲಿ ಹಾಲಿಗೆ ಹಾಕಿದ ನೀಲಿ ಬಣ್ಣ ಬೇಗ ಹೋದಷ್ಟೂ ಅದರಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದೆ ಎಂದರ್ಥ. ಮೊದಲು ಮೆಷಿನ್ನಿನ ರಬ್ಬರ್ ಲೈನರ್ (ಕೆಚ್ಚಲ ತೊಟ್ಟಿಗೆ ಹಾಕುವ ಕೊಳವೆ) ಬಿಚ್ಚಿ ಒಳಗೆ ಬೆರಳಾಡಿಸಿ. ಜಾರಿದರೆ ಅದು ಬಯೋಫಿಲ್ಮ್, ಅಂದರೆ ಬ್ಯಾಕ್ಟೀರಿಯಾಗಳು ಗುಂಪಾಗಿ ಅಂಟಿ ಕೂತು ಮೈಮೇಲೆ ಹೊದ್ದುಕೊಂಡ ಲೋಳೆ. ಕ್ಯಾನಿನ ಕತ್ತಿನ ಒಳಮೈ ಉಪ್ಪುಕಾಗದದ ಹಾಗೆ ತರಿತರಿಯಾಗಿದ್ದರೆ ಹಾಲಿನ ಕಲ್ಲು, ಅಂದರೆ ಹಾಲಿನ ಮತ್ತು ನೀರಿನ ಖನಿಜಾಂಶ ಗಟ್ಟಿಯಾದ ಪದರ, ಕಟ್ಟಿದೆ. ಆ ತರಿಗಳ ಸಂದಿಯಲ್ಲೇ ಲೋಳೆ ಬೇರೂರುತ್ತದೆ.

ಕುದಿಯುವ ನೀರನ್ನು ಮೊದಲೇ ಸುರಿದರೆ ಹಾಲಿನ ಪ್ರೋಟೀನ್ ಬೆಂದು ಕಚ್ಚಿಕೊಳ್ಳುತ್ತದೆ, ಹಾಲು ಕಾಯಿಸಿದ ಪಾತ್ರೆಯ ತಳ ಹಿಡಿಯುವ ಹಾಗೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣದಂಶವೂ ಸೇರಿಕೊಳ್ಳುತ್ತದೆ. ಆದ್ದರಿಂದ ಕರೆದು ಮುಗಿದ ತಕ್ಷಣ, ಹಾಲು ಒಣಗುವ ಮೊದಲೇ, 35ರಿಂದ 40 ಡಿಗ್ರಿಯ ಉಗುರು ಬೆಚ್ಚಗಿನ ನೀರು ಹಾಯಿಸಿ. ಹೊರಬರುವ ನೀರಿನ ಬಿಳುಪು ಹೋಗುವವರೆಗೂ ಬಿಡಬೇಡಿ. ಆಮೇಲೆ 60ರಿಂದ 70 ಡಿಗ್ರಿಯ ನೀರಿಗೆ ಡೈರಿ ಡಿಟರ್ಜೆಂಟ್ ಪುಡಿಯನ್ನು ಚೀಟಿಯಲ್ಲಿ ಹೇಳಿದ ಅಳತೆಯಲ್ಲಿ ಬೆರೆಸಿ, ಲೈನರ್, ಪೈಪು, ಮುಚ್ಚಳದ ವಾಷರ್ ಒಂದೊಂದನ್ನೂ ಬ್ರಷ್ ಹಾಕಿ ಉಜ್ಜಿ. ನಿಜವಾದ ಕೆಲಸ ಮಾಡುವುದು ಈ ಬ್ರಷ್ಷೇ. ಚೆನ್ನಾಗಿ ಜಾಲಿಸಿ, ಕ್ಯಾನನ್ನು ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ. ನೆಲದ ಮೇಲೆ ಬೋರಲು ಹಾಕಿದರೆ ಗಾಳಿಯಾಡದೆ ಒಳಗೆ ತೇವ ಉಳಿಯುತ್ತದೆ, ರಾತ್ರಿಯೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಾಕು.

ವಾರಕ್ಕೊಮ್ಮೆ ಡೈರಿಗೆಂದೇ ಮಾರುವ ಆಸಿಡ್ ಕ್ಲೀನರ್ ಬಳಸಿ, ಹಾಲಿನ ಕಲ್ಲು ಕರಗುತ್ತದೆ. ಮುಂದಿನ ಸಲ ಕರೆಯುವ ಸ್ವಲ್ಪ ಮುಂಚೆ 10 ಲೀಟರ್ ನೀರಿಗೆ 5 ಶೇಕಡಾ ಹೈಪೋಕ್ಲೋರೈಟ್ ದ್ರಾವಣ (ಕ್ಲೋರಿನ್ ಇರುವ ಬ್ಲೀಚ್ ದ್ರವ) 40 ಮಿ.ಲೀ. ಹಾಕಿ (200 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 200 ಭಾಗ ಕ್ಲೋರಿನ್ ಆಗುತ್ತದೆ), ಒಂದೆರಡು ನಿಮಿಷ ಹಾಯಿಸಿ ಪೂರ್ತಿ ಬಸಿದುಬಿಡಿ. ಆಸಿಡ್ಡನ್ನೂ ಇದನ್ನೂ ಯಾವತ್ತೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ನಿಮ್ಮದು ಅಲ್ಯೂಮಿನಿಯಂ ಕ್ಯಾನ್ ಆಗಿದ್ದರೆ ವಾಷಿಂಗ್ ಸೋಡಾ ಬೇಡ. ಅದು ಲೋಹವನ್ನು ತಿಂದು ಗುಳಿ ಮಾಡುತ್ತದೆ, ಗುಳಿಯೊಳಗೆ ಬ್ರಷ್ ಹೋಗುವುದಿಲ್ಲ.

ಲೈನರ್‌ಗೆ ಆಯುಸ್ಸಿದೆ: 2500 ಸಲ ಕರೆಯುವುದು ಅಥವಾ 6 ತಿಂಗಳು, ಯಾವುದು ಮೊದಲೋ ಅದು. ನಾಲ್ಕು ಹಸುವಿಗೆ ದಿನಕ್ಕೆ 8 ಸಲ ಅಂದರೆ ನಿಮಗೆ 6 ತಿಂಗಳ ಲೆಕ್ಕವೇ ಅನ್ವಯ, ಅದು ಈಗಾಗಲೇ ದಾಟಿದೆ. ಹಳೆಯ ರಬ್ಬರಿನ ಕಣ್ಣಿಗೆ ಕಾಣದ ಬಿರುಕಿನಲ್ಲಿ ಕೂತದ್ದನ್ನು ಯಾವ ಡಿಟರ್ಜೆಂಟೂ ತೆಗೆಯದು. ಮೊದಲು ಲೈನರ್ ಬದಲಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಲೋಳೆಯಲ್ಲಿ ಸಾಮಾನ್ಯವಾಗಿರುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಪಾಶ್ಚರೀಕರಣದಲ್ಲಿ ಸತ್ತರೂ, ತಣ್ಣಗಿಟ್ಟ ಹಾಲಿನಲ್ಲಿ ಅದು ಬಿಟ್ಟ ಕಿಣ್ವಗಳು ಬಿಸಿಗೆ ಜಗ್ಗುವುದಿಲ್ಲ. ಅತಿ ಹೆಚ್ಚು ಬಿಸಿ ಮಾಡಿ ತುಂಬಿ ತಿಂಗಳುಗಟ್ಟಲೆ ಇಡುವ ಯುಎಚ್‌ಟಿ ಪ್ಯಾಕಿನಲ್ಲೂ ಹಾಲು ಕಹಿಯಾಗಲು, ಗಟ್ಟಿಯಾಗಲು ಅವು ಕಾರಣವಾಗುತ್ತವೆ.

ಪ್ರಶ್ನೆ: ಮನೆಯ 1000 ಲೀಟರ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಎರಡೇ ವಾರಕ್ಕೆ ಮತ್ತೆ ಗೋಡೆ ಜಾರುತ್ತದೆ. ಪೌಡರ್ ಕಳಪೆಯೇ? (ತುಮಕೂರು)

ಉತ್ತರ: ಪೌಡರ್ ಹಳೆಯದಾಗಿ ಗಾಳಿಯಾಡಿದ್ದರೆ ಶಕ್ತಿ ಕಳೆದುಕೊಂಡಿರಬಹುದು. ಆದರೆ ಒಳ್ಳೆಯ ಪೌಡರ್ ಆದರೂ ಲೋಳೆಯ ಹೊರಪದರದಲ್ಲೇ ಅದರ ಕ್ಲೋರಿನ್ ಖರ್ಚಾಗಿಬಿಡುತ್ತದೆ, ತಳದಲ್ಲಿರುವವು ಬದುಕುತ್ತವೆ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಂಡ ನೆದರ್ಲೆಂಡ್ಸಿನ ಡೆಲ್ಫ್ಟ್‌ ಊರಿನ ಲೇವನ್‌ಹುಕ್ 1684ರಲ್ಲೇ ಇದನ್ನು ಗಮನಿಸಿ ಬರೆದಿದ್ದರು: ಹಲ್ಲಿಗೆ ವಿನೆಗರ್ ಹಾಕಿ ತೊಳೆದರೆ ಪಾಚಿಯ ಹೊರಗಿನ ಜೀವಿಗಳಷ್ಟೇ ಸಾಯುತ್ತಿದ್ದವು.

ಟ್ಯಾಂಕ್ ಖಾಲಿ ಮಾಡಿ, ಗೋಡೆ, ತಳ, ಮುಚ್ಚಳದ ಒಳಗನ್ನು ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಿ. ತಂತಿ ಬ್ರಷ್ ಗೀರು ಮಾಡುತ್ತದೆ. ಕೆಸರು ನೀರನ್ನು ಮನೆಯ ಪೈಪಿಗೆ ಬಿಡದೆ ಹೊರಗೆ ತೆಗೆಯಿರಿ. ಟ್ಯಾಂಕ್ ತುಂಬಿಸಿ 5 ಶೇಕಡಾ ಹೈಪೋಕ್ಲೋರೈಟ್ 1 ಲೀಟರ್ ಹಾಕಿ, ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ. 24 ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಿ ಜಾಲಿಸಿ. ಅಷ್ಟರವರೆಗೆ ಆ ನೀರನ್ನು ಯಾರೂ ಬಳಸಬಾರದು. ನೆಲದಡಿಯ ನೀರಿನ ಸಂಪ್‌ಗೆ ಬ್ಲೀಚಿಂಗ್ ಹಾಕಿ ಒಳಗೆ ಇಳಿಯಲೇಬೇಡಿ.

ಪ್ರಶ್ನೆ: ತಾತನಿಗೆ ಮೂರು ವಾರದಿಂದ ಮೂತ್ರದ ಪೈಪ್ ಹಾಕಿದೆ. ಜ್ವರಕ್ಕೆ ಮಾತ್ರೆ ಕೊಟ್ಟ ಡಾಕ್ಟರು ಪೈಪನ್ನೂ ಬದಲಿಸಬೇಕು ಅಂದರು. ಮಾತ್ರೆ ಸಾಲದೇ? (ಧಾರವಾಡ)

ಉತ್ತರ: ಡಾಕ್ಟರು ಹೇಳಿದ್ದು ಸರಿ. ಪೈಪಿನ ಒಳಮೈಗೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ, ಆ್ಯಂಟಿಬಯೋಟಿಕ್ ಅದರ ಆಳಕ್ಕೆ ಮುಟ್ಟುವುದಿಲ್ಲ. ಎರಡು ವಾರ ದಾಟಿದ ಪೈಪಿದ್ದು ಸೋಂಕಾದರೆ ಪೈಪು ಬದಲಿಸಿ, ಕಲ್ಚರ್ ಪರೀಕ್ಷೆಗೆ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವುದಕ್ಕೆ) ಹೊಸ ಪೈಪಿನಿಂದಲೇ ಮೂತ್ರ ಹಿಡಿಯಬೇಕು. ಹಳೆಯದರಿಂದ ಹಿಡಿದರೆ ಲೋಳೆಯ ಬ್ಯಾಕ್ಟೀರಿಯಾ ಸೇರಿ ರಿಪೋರ್ಟು ದಾರಿ ತಪ್ಪುತ್ತದೆ. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲ ಮುಟ್ಟದಿರಲಿ, ಚೀಲ ಮತ್ತು ಪೈಪಿನ ಜೋಡಣೆ ಬಿಚ್ಚಬೇಡಿ. ಮೂತ್ರ ಇಳಿಯುವುದು ನಿಂತರೆ ಪೈಪು ಎಲ್ಲಾದರೂ ಮಡಚಿದೆಯೇ ನೋಡಿ. ಮಡಚಿಲ್ಲದಿದ್ದರೆ ಒಳಗೆ ಹರಳು ಕಟ್ಟಿರಬಹುದು, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.