ದೋಷಿ ಅವರ ಕಟ್ಟಡಗಳಲ್ಲಿ ಅಂಥದ್ದೇನಿದೆ?

ನಿಮ್ಮ ಪ್ರಶ್ನೆ: "ಬಿ. ವಿ. ದೋಷಿ ಜನರಿಗಾಗಿ ಕಟ್ಟಿದ ಆರ್ಕಿಟೆಕ್ಟ್ ಅಂತಾರೆ. ಎಲ್ಲ ಕಟ್ಟಡವೂ ಜನರಿಗೇ ಅಲ್ವಾ? ಇವರದ್ದೇನು ವಿಶೇಷ?"

ನಾನು ಸಿವಿಲ್ ಇಂಜಿನಿಯರ್. ಮನೆ ಕಟ್ಟಿಸುವುದು ನನ್ನ ಕೆಲಸ. ನನಗೆ ಕಂಡ ವಿಶೇಷ ಇಷ್ಟು: ಅವರು ತಮ್ಮ ಕೆಲಸದಲ್ಲಿ ಒಂದು ಪಾಲನ್ನು ಬೇಕೆಂದೇ ಜನರಿಗೆ ಬಿಡುತ್ತಿದ್ದರು.

ನಮ್ಮ ಕಡೆ ತಾರಸಿ ಮೇಲೆ ಪಿಲ್ಲರ್ ಕಂಬಿ ಚಾಚಿಕೊಂಡಿರುವ ಮನೆಗಳನ್ನು ನೀವೂ ನೋಡಿರುತ್ತೀರಿ. ನಮ್ಮಪ್ಪನೂ ಹಾಗೇ ಬಿಟ್ಟಿದ್ದರು. ಮೊದಲು ಅಡುಗೆಮನೆ, ಒಂದು ರೂಮು. ಅಕ್ಕನ ಮದುವೆ ಸಾಲ ತೀರಿದ ಮೇಲೆ ಇನ್ನೊಂದು ರೂಮು. ನಾನು ಕೆಲಸಕ್ಕೆ ಸೇರಿದ ಮೇಲೆ ಮಹಡಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದವರ ಮನೆ ಬೆಳೆಯುವುದೇ ಹೀಗೆ. ಇಂದೋರಿನ ಅರಣ್ಯ ಬಡಾವಣೆಯಲ್ಲಿ ದೋಷಿ ಇದನ್ನೇ ಆಧಾರವಾಗಿ ಇಟ್ಟುಕೊಂಡರು.

ಅದು 1980ರ ದಶಕದ ಕೆಲಸ. ಸುಮಾರು 6,500 ಸೈಟುಗಳು. ಹೆಚ್ಚಿನ ಪಾಲು ಬಡವರಿಗೆ. ಅತಿ ಚಿಕ್ಕ ಸೈಟು 35 ಚದರ ಮೀಟರ್ ಆಸುಪಾಸು, ಅಂದರೆ ನಮ್ಮ 20-30 ಸೈಟಿಗಿಂತ ಎಷ್ಟೋ ಚಿಕ್ಕದು. ತಳಪಾಯ, ಕಕ್ಕಸು, ಬಚ್ಚಲು, ನೀರಿನ ನಲ್ಲಿ ಕೊಟ್ಟು, ಮುಂದಿನದನ್ನು ನಿಮ್ಮ ಕೈಲಾದಾಗ ಕಟ್ಟಿಕೊಳ್ಳಿ ಅಂದರು. ಹೇಗೆಲ್ಲ ಕಟ್ಟಬಹುದು ಅಂತ ತೋರಿಸೋಕೆ ಸುಮಾರು 80 ಮಾದರಿ ಮನೆಗಳು. ದೊಡ್ಡ ರಸ್ತೆ ಬದಿಯ ಸೈಟುಗಳನ್ನು ಉಳ್ಳವರಿಗೆ ಹೆಚ್ಚು ಬೆಲೆಗೆ ಮಾರಿ, ಆ ಹಣದಲ್ಲಿ ಚಿಕ್ಕ ಸೈಟುಗಳ ಬೆಲೆ ಇಳಿಸುವ ಲೆಕ್ಕ ಅದರಲ್ಲಿತ್ತು.

ನಕ್ಷೆ ಬರೆಯುವ ಮೊದಲು ಇಂದೋರಿನ ಕೊಳೆಗೇರಿಗಳಿಗೆ ಹೋಗಿ ಅಧ್ಯಯನ ಮಾಡಿದ್ದರು. ಜನ ಎಲ್ಲಿ ಕೂರುತ್ತಾರೆ, ಪುಟ್ಟ ಅಂಗಡಿ ಎಲ್ಲಿ ಇಡುತ್ತಾರೆ, ಮರದ ಕೆಳಗೆ ಏನು ನಡೆಯುತ್ತೆ, ಎಲ್ಲ ನೋಡಿಕೊಂಡು ಬಂದಿದ್ದರು. ಅದಕ್ಕೇ ಮನೆ ಮುಂದೆ ಜಗಲಿ ಬಂತು. ಹೊರಗಿನ ಮೆಟ್ಟಿಲು ಬಂತು. ಜಗಲಿ ಇಲ್ಲದ ಮನೆಯಲ್ಲಿ ಅಜ್ಜಿ ಎಲ್ಲಿ ಕೂತು ಸೊಪ್ಪು ಬಿಡಿಸಬೇಕು ಹೇಳಿ! ನಾವು ಇಂಜಿನಿಯರುಗಳು ಪಾರ್ಕಿಂಗ್‌ಗೆ ಅಂತ ಮೊದಲು ಕಿತ್ತು ಹಾಕುವುದೇ ಅದನ್ನು. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಈಗ ಅಲ್ಲಿ ಎಷ್ಟೋ ಮನೆಗಳ ರೂಪ ಬದಲಾಗಿದೆ. ಮಾದರಿ ಮನೆಗಳನ್ನೂ ಜನ ಬದಲಾಯಿಸದೆ ಬಿಟ್ಟಿಲ್ಲ. ಯೋಜನೆ ಕೆಟ್ಟಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಳೆಯಲಿ ಅಂತಲೇ ಕೊಟ್ಟ ಮನೆ ಬೆಳೆದಿದೆ, ಅಷ್ಟೇ.

ದೋಷಿ 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲೆ ಕಾರ್ಬ್ಯುಸಿಯೆ ಹತ್ತಿರ ಕೆಲಸ ಮಾಡಿದವರು. ಕಾಂಕ್ರೀಟಿನ ಪಾಠ ಅಲ್ಲಿಯದು. 2018ರಲ್ಲಿ ಆರ್ಕಿಟೆಕ್ಟರಿಗೆ ಸಿಗುವ ಅತಿ ದೊಡ್ಡ ಪ್ರಶಸ್ತಿ ಪ್ರಿಟ್ಸ್‌ಕರ್ ಬಂತು, ಭಾರತೀಯರಲ್ಲಿ ಮೊದಲು ಅವರಿಗೇ. 2023ರಲ್ಲಿ ತೀರಿಕೊಂಡರು.

ಅವರ ಕಟ್ಟಡಗಳಲ್ಲಿ ನಾನು ಕಣ್ಣಾರೆ ಕಂಡಿದ್ದು ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು. ಎರಡು ದಿನದ ತರಬೇತಿಗೆ ಹೋಗಿದ್ದೆ. ಒರಟು ಬೂದು ಕಲ್ಲಿನ ಗೋಡೆ, ಅಗಲವಾದ ಉದ್ದುದ್ದ ಕಾರಿಡಾರು. ಕೆಲವು ಕಡೆ ಚಾವಣಿ, ಕೆಲವು ಕಡೆ ಬರೀ ತೊಲೆಗಳು, ಕೆಲವು ಕಡೆ ಆಕಾಶ. ಫತೇಪುರ್ ಸಿಕ್ರಿ, ಮಧುರೆ ದೇವಸ್ಥಾನದ ಪ್ರಾಕಾರಗಳು ಇದಕ್ಕೆ ಪ್ರೇರಣೆ. ಟೀ ಬಿಡುವಿನಲ್ಲಿ ಲೋಟ ಹಿಡಿದು ಎಲ್ಲರೂ ಕಾರಿಡಾರಿಗೇ ಬಂದರು. ಯಾರೂ ಹೇಳಿರಲಿಲ್ಲ. ಕ್ಲಾಸಿನಲ್ಲಿ ಬಾಯಿ ಬಿಡದವರು ಅಲ್ಲಿ ನಿಂತು ಗಟ್ಟಿಯಾಗಿ ಮಾತಾಡುತ್ತಿದ್ದರು. ನಾನೂ ಒಂದು ಕಟ್ಟೆ ಮೇಲೆ ಕೂತು, ತೊಲೆಯ ನೆರಳು ಸರಿಯುವುದನ್ನು ನೋಡುತ್ತಾ ಎರಡನೇ ಟೀ ಕುಡಿದೆ.

ನಿಮಗೆ ಒಳಗೆ ಹೋಗುವ ಅವಕಾಶ ಸಿಕ್ಕರೆ ಬೆಳಿಗ್ಗೆ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ಸುಮ್ನೆ ಒಂದು ಗಂಟೆ ಆ ಕಾರಿಡಾರಿನಲ್ಲಿ ಓಡಾಡಿ.